ಬಚ್ಚಲ ಒಲೆಗೆ ಕಟ್ಟಿಗೆ, ಪೆಟ್ಟಿಗೆಗೆ ಬಿಸಿಲು

(ಮಲೆನಾಡಿನ ಒಂದು ಊರಿನ ಗ್ರಂಥಾಲಯದಲ್ಲಿ, ಮಳೆಗಾಲಕ್ಕೆ ಮೊದಲು, ವೈರಿಂಗ್ ಕೆಲಸದವರೊಬ್ಬರು ಆಡಿದ ಮಾತುಗಳ ಬರಹ ರೂಪ)

ಬಿಸಿಲಿನಿಂದಲೂ ತುಂಬುವ ಈ ಬ್ಯಾಟರಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟು ಇನ್ನೂ ಕಾಲು ಗಂಟೆ ಆಗಿಲ್ಲ. ಅಷ್ಟರಲ್ಲಿ ನಾಲ್ಕು ಜನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದರು. "ಇದರಲ್ಲಿ ಗೀಸರ್ ಓಡ್ತದಾ?" ಎರಡು ವರ್ಷದ ಹಿಂದೆ ಇದನ್ನು ಮನೆಗೆ ತಂದ ದಿನ ನನ್ನ ಹೆಂಡತಿ ಕೇಳಿದ್ದೂ ಅದನ್ನೇ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅದಕ್ಕೆ ಮುಂಚೆ ಒಂದು ಮಾತು. ಪಕ್ಕದಲ್ಲಿ ತಿರುಗುತ್ತಿರುವ ಈ ಸ್ಟ್ಯಾಂಡ್ ಫ್ಯಾನ್ ನೋಡಿ. ಇದರ ವೈರು ಗೋಡೆಗೆ ಹೋಗಿಲ್ಲ, ಪೆಟ್ಟಿಗೆಗೆ ಬಂದಿದೆ. ಪೆಟ್ಟಿಗೆಯ ಪರದೆಯಲ್ಲಿ ಈಗ 86 ಅಂತ ತೋರಿಸುತ್ತಿದೆ. ಅಂದರೆ ನೂರಕ್ಕೆ 86 ಪಾಲು ಚಾರ್ಜ್ ಇದೆ. ಮುಂದಿನ ಸಾಲಿನವರು ಯಾರಾದರೂ ಇದನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ನೋಡೋಣ.

ಇದಕ್ಕೆ ಪೋರ್ಟಬಲ್ ಪವರ್ ಸ್ಟೇಷನ್ ಅಂತ ಹೆಸರಿಟ್ಟಿದ್ದಾರೆ. ಪವರ್ ಸ್ಟೇಷನ್ ಅಂದರೆ ನಮ್ಮ ಕಡೆಯವರಿಗೆ ಶರಾವತಿ ನೆನಪಾಗುತ್ತದೆ. ಅಲ್ಲಿಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಇದರದ್ದು 1,800 ವ್ಯಾಟ್. ಅದರಂತಹದ್ದೊಂದು ಆಗಬೇಕಾದರೆ ಇಂತಹ ಐದು ಮುಕ್ಕಾಲು ಲಕ್ಷ ಪೆಟ್ಟಿಗೆ ಬೇಕು. ಹೆಸರು ಸ್ವಲ್ಪ ಜಾಸ್ತಿಯಾಯಿತು, ಅಲ್ವಾ? ನಾನು ಸುಮ್ನೆ ಪೆಟ್ಟಿಗೆ ಅಂತಲೇ ಕರೆಯುತ್ತೇನೆ.

ಒಳಗೆ ಇರುವುದು ನಮಗೆ ಗೊತ್ತಿರುವ ಸಾಮಾನೇ. ಒಂದು ಲಿಥಿಯಂ ಬ್ಯಾಟರಿ. ಅದರ ಕರೆಂಟನ್ನು ಮನೆಯ 230 ವೋಲ್ಟ್ ಮಾಡುವ ಇನ್ವರ್ಟರ್. ಸೋಲಾರ್ ಪ್ಯಾನೆಲ್‌ನಿಂದ ಬಂದ ಕರೆಂಟನ್ನು ಅಳೆದು ತುಂಬುವ ಚಾರ್ಜರ್. ಬ್ಯಾಟರಿ ಕಾಯುವ ಒಂದು ಸರ್ಕ್ಯೂಟ್. ಮೊದಲೆಲ್ಲ ಇವನ್ನು ನಾನು ನಿಮ್ಮ ಮನೆಗಳಲ್ಲಿ ಬೇರೆ ಬೇರೆಯಾಗಿ ಗೋಡೆಗೆ ಹೊಡೆಯುತ್ತಿದ್ದೆ. ಇಲ್ಲಿ ಎಲ್ಲವನ್ನೂ ಒಟ್ಟು ಹಾಕಿ ಮೇಲೊಂದು ಹಿಡಿ ಇಟ್ಟಿದ್ದಾರೆ. ತೂಕ ಹನ್ನೆರಡು ಕಿಲೋ. ಒಂದು ಹೂವಿನ ಕುಂಡದಷ್ಟು.

ಈಗ ಗೀಸರ್. ಎರಡು ಮಾತು ತಿಳಿದುಕೊಂಡರೆ ಇಡೀ ವಿಷಯ ತಿಳಿದ ಹಾಗೆ: ವ್ಯಾಟ್ ಮತ್ತು ವ್ಯಾಟ್ ಅವರ್. ಊಟದ ಪಂಕ್ತಿ ನೆನಪು ಮಾಡಿಕೊಳ್ಳಿ. ಒಬ್ಬ ಗಬಗಬ ಉಣ್ಣುತ್ತಾನೆ, ಐದೇ ನಿಮಿಷಕ್ಕೆ ಎದ್ದು ಹೋಗುತ್ತಾನೆ. ಇನ್ನೊಬ್ಬ ನಿಧಾನಕ್ಕೆ ಉಣ್ಣುತ್ತಾನೆ, ಆದರೆ ಸಂಜೆತನಕ ಎಲೆ ಬಿಟ್ಟು ಏಳುವುದಿಲ್ಲ. ಎಷ್ಟು ಜೋರಾಗಿ ಉಣ್ಣುತ್ತಾನೆ ಅನ್ನುವುದು ವ್ಯಾಟ್. ಏಳುವ ಹೊತ್ತಿಗೆ ಒಟ್ಟು ಎಷ್ಟು ಉಂಡ ಅನ್ನುವುದು ವ್ಯಾಟ್ ಅವರ್. ಸಾವಿರ ವ್ಯಾಟ್ ಅವರ್ ಆದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಪೆಟ್ಟಿಗೆ ಎರಡನ್ನೂ ನೋಡುತ್ತದೆ. 1,800 ವ್ಯಾಟ್‌ಗಿಂತ ಜೋರಾಗಿ ಉಣ್ಣುವವನಿಗೆ ಬಡಿಸುವುದಿಲ್ಲ, ಆಫ್ ಆಗುತ್ತದೆ. ಒಟ್ಟು ಅನ್ನ ಇರುವುದು 1,024 ವ್ಯಾಟ್ ಅವರ್. ಇನ್ವರ್ಟರ್ ತನ್ನ ಪಾಲು ತಿಂದ ಮೇಲೆ ನಮಗೆ ಸಿಗುವುದು 870ರ ಆಸುಪಾಸು.

ಗೀಸರ್ 2,000 ವ್ಯಾಟ್. ಹಚ್ಚಿದ ಕೂಡಲೇ ಪೆಟ್ಟಿಗೆ ಆಫ್. ಅಲ್ಲಿಗೆ ಕತೆ ಮುಗಿಯಿತು ಅಂದುಕೊಳ್ಳಬೇಡಿ. "ದೊಡ್ಡ ಪೆಟ್ಟಿಗೆ ತಂದರೆ ಆಯ್ತಲ್ಲ" ಅಂತ ನಮ್ಮ ಪಕ್ಕದ ಮನೆಯವರು ಹೇಳಿದರು. ಅವರಿಗೆ ಈ ಲೆಕ್ಕ ತೋರಿಸಿದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.16 ವ್ಯಾಟ್ ಅವರ್ ಬೇಕು. ಕಾಯಿಸುವ ಯಂತ್ರ ಯಾವುದೇ ಇರಲಿ, ಎಷ್ಟೇ ದುಬಾರಿ ಇರಲಿ, ನೀರು ಅಷ್ಟನ್ನು ಕೇಳಿಯೇ ಕೇಳುತ್ತದೆ. ಮಳೆಗಾಲದಲ್ಲಿ 20 ಡಿಗ್ರಿ ಇರುವ ನೀರನ್ನು ಸ್ನಾನಕ್ಕೆ 42 ಮಾಡಬೇಕು. 15 ಲೀಟರಿನ ಒಂದು ಬಕೆಟ್‌ಗೆ ಎಷ್ಟಾಯಿತು? ಸುಮಾರು 385 ವ್ಯಾಟ್ ಅವರ್. ಇಬ್ಬರು ಸ್ನಾನ ಮಾಡಿದರೆ ಈ ಪೆಟ್ಟಿಗೆ ಹತ್ತಿರ ಹತ್ತಿರ ಖಾಲಿ.

ಅದೇ 385ರಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ನಲವತ್ತು ಗಂಟೆ ಉರಿಯುತ್ತದೆ. ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಜಾತಿಯ 30 ವ್ಯಾಟಿನ ಸೀಲಿಂಗ್ ಫ್ಯಾನ್ ಹನ್ನೆರಡು ಗಂಟೆ ತಿರುಗುತ್ತದೆ. ಒಂದು ಬಕೆಟ್ ಬಿಸಿನೀರಿಗೆ ಒಂದಿಡೀ ರಾತ್ರಿಯ ಗಾಳಿ!

ಇಷ್ಟು ನೋಡಿದ ಮೇಲೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಮಾಡಿಕೊಂಡೆವು. ಬಿಸಿ ಮಾಡುವ ಯಾವುದೂ ಪೆಟ್ಟಿಗೆಗೆ ಬೇಡ. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆ, ಟೋಸ್ಟರ್, ನೀರು ಕಾಯಿಸುವ ಕೆಟಲ್, ಯಾವುದೂ ಬೇಡ. ತಿರುಗುವುದು, ಬೆಳಗುವುದು, ಮಾತಾಡುವುದು ಮಾತ್ರ ಅದಕ್ಕೆ. ನಮಗೆ ಇದೇನು ಕಷ್ಟವೂ ಅಲ್ಲ. ಬಚ್ಚಲಲ್ಲಿ ಹಂಡೆ ಇದೆ, ಒಲೆ ಇದೆ, ಅಡಿಕೆ ಸಿಪ್ಪೆ ರಾಶಿ ಬಿದ್ದಿದೆ. ಅಡುಗೆಗೆ ಗ್ಯಾಸ್ ಇದೆ. ಬಿಸಿಗೆ ನಮ್ಮ ಹತ್ತಿರ ಬೇರೆ ದಾರಿ ಇದೆ, ಮಿಕ್ಸಿ ತಿರುಗಿಸುವುದಕ್ಕೆ ಇಲ್ಲ. ಪೇಟೆಯ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಹಂಡೆ ಎಲ್ಲಿಂದ ಬರಬೇಕು? ಅವರೂ ಇದನ್ನು ಕೊಳ್ಳುತ್ತಾರೆ, ಆಮೇಲೆ ಕೆಟಲ್ ಹಚ್ಚಿ ಬೈಯುತ್ತಾರೆ. ಒಂದು ಲೀಟರ್ ಚಹಾ ಕುದಿಸಲು 80ರಿಂದ 100 ವ್ಯಾಟ್ ಅವರ್ ಬೇಕು. ಅಂದರೆ ನಾಲ್ಕು ಲೋಟ ಚಹಾ ಅಂದರೆ ಹತ್ತು ಗಂಟೆಯ ಬೆಳಕು.

ಮಿಕ್ಸಿ ಅಂದೆ. ಅದರ ತಳದಲ್ಲಿ 750 ವ್ಯಾಟ್ ಅಂತ ಬರೆದಿರುತ್ತದೆ. ನೋಡಿದವರಿಗೆ ಹೆದರಿಕೆ. ಆದರೆ ಚಟ್ನಿ ಎಷ್ಟು ಹೊತ್ತು ರುಬ್ಬುತ್ತೀರಿ? ಎರಡು ನಿಮಿಷ. ಪೂರ್ತಿ 750 ತಗೊಂಡರೂ 25 ವ್ಯಾಟ್ ಅವರ್ ದಾಟುವುದಿಲ್ಲ. ಇದೇ ಗಬಗಬ ಉಂಡು ಎದ್ದು ಹೋಗುವವನು. ದೋಸೆ ಹಿಟ್ಟಿನ ಟೇಬಲ್ ಗ್ರೈಂಡರ್ ಇನ್ನೂ ಪಾಪ. ಕಲ್ಲು ತಿರುಗುವ ಸದ್ದು ಕೇಳಿದರೆ ಏನೋ ಭಾರಿ ಯಂತ್ರ ಅನ್ನಿಸುತ್ತದೆ, ಮೋಟಾರು ಮಾತ್ರ ಸಾಮಾನ್ಯವಾಗಿ 150 ವ್ಯಾಟ್. ಅರ್ಧ ಗಂಟೆ ತಿರುಗಿದರೆ 75 ವ್ಯಾಟ್ ಅವರ್. ಮನೆ ಮಂದಿಗೆಲ್ಲ ಎರಡು ಹೊತ್ತಿನ ದೋಸೆ ಆಗುತ್ತದೆ. ಈ ಲೆಕ್ಕ ನೋಡಿ ನನ್ನ ತಾಯಿ ಕೇಳಿದರು, "ಹಾಗಾದ್ರೆ ಇಷ್ಟು ವರ್ಷ ಕರೆಂಟ್ ಹೋದಾಗೆಲ್ಲ ನಾನು ಒರಳಲ್ಲಿ ರುಬ್ಬಿದ್ದು ಬರೀ 75ಕ್ಕಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನು ಸಂಜೆತನಕ ಎಲೆ ಬಿಟ್ಟು ಏಳದವನು, ಫ್ರಿಜ್. ಇಲ್ಲಿ ನಾನೇ ಮೋಸ ಹೋದೆ. ಸಣ್ಣ ಒಂದು ಬಾಗಿಲಿನ ಫ್ರಿಜ್ಜಿನ ಮೇಲೆ ನಕ್ಷತ್ರದ ಚೀಟಿ ಅಂಟಿಸಿರುತ್ತಾರಲ್ಲ, ಅದರಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಅಚ್ಚಾಗಿರುತ್ತದೆ. ನಮ್ಮದರಲ್ಲಿ 180 ಇದೆ. 365ರಿಂದ ಭಾಗಿಸಿದೆ. ದಿನಕ್ಕೆ ಸುಮಾರು 490 ವ್ಯಾಟ್ ಅವರ್. ಪೆಟ್ಟಿಗೆಯಲ್ಲಿ 870 ಇದೆ. ಹಾಗಾದರೆ ಒಂದು ಮುಕ್ಕಾಲು ದಿನ ಬರಬೇಕು. ಬಂದದ್ದು ಒಂದು ದಿನ, ಮೇಲೆ ಸ್ವಲ್ಪ ಚಿಲ್ಲರೆ. ಉಳಿದದ್ದು ಎಲ್ಲಿ ಹೋಯಿತು?

ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಏನೂ ಹಚ್ಚದೆ, ಬರೀ ಎಸಿ ಗುಂಡಿ, ಅಂದರೆ ಇನ್ವರ್ಟರ್ ಆನ್ ಮಾಡುವ ಗುಂಡಿ, ಒತ್ತಿ ರಾತ್ರಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಶೇಕಡಾ 15 ಇಳಿದಿತ್ತು. ಯಾರೂ ಉಣ್ಣಲು ಕೂರದಿದ್ದರೂ ಇನ್ವರ್ಟರ್ ತಾನು ಎಚ್ಚರವಾಗಿರುವುದಕ್ಕೇ ಒಂದಿಷ್ಟು ತಿನ್ನುತ್ತದೆ. ಇದರಲ್ಲಿ ಅದು 15 ವ್ಯಾಟ್ ಹತ್ತಿರ. ಕಡಿಮೆ ಅನ್ನಿಸುತ್ತದೆ. 24 ಗಂಟೆಗೆ 360. ಫ್ರಿಜ್ಜಿನ ಊಟದ ಮುಕ್ಕಾಲು ಪಾಲಿನಷ್ಟು ಬಡಿಸುವವನೇ ತಿಂದು ಹಾಕಿದ!

ಅದು ಗೊತ್ತಾದ ಮೇಲೆ ಎರಡು ಅಭ್ಯಾಸ ಬದಲಾಯಿತು. ಒಂದು, ಕರೆಂಟ್ ಇಲ್ಲದ ದಿನ ಫ್ರಿಜ್ಜನ್ನು ಇಡೀ ದಿನ ಹಚ್ಚುವುದಿಲ್ಲ. ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಹಚ್ಚುತ್ತೇವೆ. ನಡುವೆ ಎಸಿ ಗುಂಡಿ ಆಫ್, ಫ್ರಿಜ್ಜಿನ ಬಾಗಿಲು ತೆಗೆಯುವ ಹಾಗಿಲ್ಲ. ಮಳೆಗಾಲ ಶುರುವಾಗುವ ಮೊದಲೇ ಫ್ರೀಜರಿನಲ್ಲಿ ನಾಲ್ಕು ನೀರಿನ ಬಾಟಲಿ ಗಟ್ಟಿ ಮಾಡಿ ಇಡುತ್ತೇವೆ. ಅದು ಪುಕ್ಕಟೆ ಬ್ಯಾಟರಿ ಇದ್ದ ಹಾಗೆ, ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯದು ವೈ-ಫೈ. ನನ್ನ ಮಗಳು ಮನೆಯಿಂದಲೇ ಕೆಲಸ ಮಾಡುತ್ತಾಳೆ. ರೂಟರಿಗೆ 10 ವ್ಯಾಟ್ ಸಾಕು. ಅದನ್ನು ಮೂರು ಕಣ್ಣಿನ ಸಾಕೆಟ್ಟಿಗೆ ಹಚ್ಚಿದರೆ ಅದರ 10, ಇನ್ವರ್ಟರಿನ 15, ಒಟ್ಟು 25. ಚಿಕ್ಕವನ ಊಟಕ್ಕೆ ದೊಡ್ಡವನ ಖರ್ಚು. ರೂಟರ್ ನಿಜವಾಗಿ ಉಣ್ಣುವುದು 12 ವೋಲ್ಟ್ ಡಿಸಿ, ಅಂದರೆ ಬ್ಯಾಟರಿ ಕೊಡುವ ಜಾತಿಯ ಕರೆಂಟು. ಪೆಟ್ಟಿಗೆಯಲ್ಲೇ 12 ವೋಲ್ಟಿನ ತೂತು ಇದೆ. ಒಂದು ವೈರು ಮಾಡಿಕೊಟ್ಟೆ, ನೇರ ಅಲ್ಲಿಂದಲೇ ಓಡುತ್ತದೆ. ಲ್ಯಾಪ್‌ಟಾಪ್, ಫೋನು ಯುಎಸ್‌ಬಿ ತೂತಿನಿಂದ. ಇನ್ವರ್ಟರ್ ಮಲಗಿರುತ್ತದೆ. ವೈರು ಮಾಡುವಾಗ ರೂಟರಿನ ಅಡಾಪ್ಟರಿನ ಮೇಲೆ 12 ವೋಲ್ಟ್ ಅಂತಲೇ ಇದೆಯಾ ನೋಡಿಕೊಳ್ಳಿ. ಕೆಲವು 9 ವೋಲ್ಟಿನವೂ ಇವೆ.

ಇದು ನಮ್ಮ ಕಡೆ ಹೊಸ ವಿದ್ಯೆ ಏನೂ ಅಲ್ಲ. ವಯಸ್ಸಾದವರಿಗೆ ನೆನಪಿರಬಹುದು. ಹರೀಶ್ ಹಂದೆಯವರು ಸೆಲ್ಕೋ ಅನ್ನುವ ಸೋಲಾರ್ ಕಂಪನಿ ಶುರು ಮಾಡಿದ್ದು 1995ರಲ್ಲಿ. ಆಮೇಲೆ ಕರೆಂಟ್ ಕಂಬ ಕಾಣದ ಒಂಟಿಮನೆಗಳಿಗೆಲ್ಲ ಸೋಲಾರ್ ದೀಪ ಬಂತು. ಹೆಂಚಿನ ಮೇಲೊಂದು ಸಣ್ಣ ಪ್ಯಾನೆಲ್, ಮೂಲೆಯಲ್ಲೊಂದು ಬ್ಯಾಟರಿ, ಎರಡೋ ನಾಲ್ಕೋ ದೀಪ. ಎಲ್ಲ 12 ವೋಲ್ಟ್ ಡಿಸಿ. ಇನ್ವರ್ಟರೇ ಇರಲಿಲ್ಲ. ಅದರಲ್ಲಿ ಗೀಸರ್ ಓಡ್ತದಾ ಅಂತ ಯಾರೂ ಕೇಳಲಿಲ್ಲ. ದೀಪಕ್ಕೆ ಅಂತ ತಂದರು, ದೀಪ ಉರಿಯಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯೂ ಬಂತು. ಈ ಪೆಟ್ಟಿಗೆಗೆ ಮೂರು ಕಣ್ಣಿನ ಸಾಕೆಟ್ ಇಟ್ಟದ್ದರಿಂದಲೇ ನಮ್ಮ ಆಸೆ ಕೆಟ್ಟದ್ದು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಸರಿ, ಬಿಸಿಲಿಗೆ ಬರೋಣ. ಪ್ಯಾನೆಲ್ ಎಲ್ಲಿ ಇಡಬೇಕು ಅಂತ ಹೇಳಲು ಫೋನಿನಲ್ಲಿ ಆ್ಯಪ್ ಇವೆ. ನಾನೂ ಹಾಕಿಕೊಂಡೆ. ಅದು ತೋರಿಸಿದ ಹಾಗೆ ದಕ್ಷಿಣಕ್ಕೆ ಮುಖ ಮಾಡಿ ಕೊಟ್ಟಿಗೆಯ ಮಾಡಿನ ಮೇಲೆ 200 ವ್ಯಾಟಿನ ಪ್ಯಾನೆಲ್ ಇಟ್ಟೆ. ಬೆಳಿಗ್ಗೆ ಹತ್ತೂವರೆಗೆ 140 ವ್ಯಾಟ್ ಬರುತ್ತಿದ್ದದ್ದು ಹನ್ನೊಂದಕ್ಕೆ 40ಕ್ಕೆ ಬಿತ್ತು. ಆಕಾಶ ಶುಭ್ರ. ಏಣಿ ಹತ್ತಿ ನೋಡಿದರೆ ಒಂದು ತೆಂಗಿನ ಗರಿಯ ನೆರಳು ಪ್ಯಾನೆಲ್ಲಿನ ಮೇಲೆ ಅಡ್ಡ ಬಿದ್ದಿದೆ. ಒಂದೇ ಗರಿ. ಪ್ಯಾನೆಲ್ಲಿನ ಒಳಗೆ ಕರೆಂಟ್ ಹುಟ್ಟಿಸುವ ಬಿಲ್ಲೆಗಳು ಒಂದರ ಹಿಂದೆ ಒಂದು ಸರಪಳಿಯ ಹಾಗೆ ಜೋಡಿಸಿರುತ್ತವೆ. ನೆರಳು ಬಿದ್ದ ಬಿಲ್ಲೆ ಕರೆಂಟ್ ತಡೆದರೆ ಅದರ ಸಾಲಿನಲ್ಲಿ ಇರುವ ಎಲ್ಲವೂ ನಿಲ್ಲುತ್ತವೆ. ಹತ್ತನೇ ಒಂದು ಭಾಗ ನೆರಳಾದರೆ ಹತ್ತನೇ ಒಂದು ಭಾಗ ಕಡಿಮೆ ಅಂತ ಲೆಕ್ಕ ಹಾಕಬೇಡಿ.

ನನ್ನ ತಾಯಿ ಕೆಳಗೆ ನಿಂತು ನೋಡುತ್ತಿದ್ದರು. "ಅಲ್ಲಿ ಯಾಕೆ ಇಟ್ಟೆಯೋ? ಅಲ್ಲಿ ಹಪ್ಪಳ ಹಾಕಿದ್ರೇ ಒಣಗಲ್ಲ" ಅಂದರು. ಎಲ್ಲಿ ಒಣಗುತ್ತದೆ ಅಂತ ಕೇಳಿದೆ. ಅಂಗಳದ ತೆಂಕು ಮೂಲೆ ತೋರಿಸಿದರು. ಒಂಬತ್ತರಿಂದ ನಾಲ್ಕರವರೆಗೆ ಅಲ್ಲಿ ನೆರಳು ಬೀಳುವುದಿಲ್ಲವಂತೆ. ಅಡಿಕೆ ಒಣಗಿಸಲು ಹಾಕುವ ಚಪ್ಪರವೂ ಅಲ್ಲೇ. ಪ್ಯಾನೆಲ್ ಅಲ್ಲಿಗೆ ಹೋಯಿತು, ಈಗಲೂ ಅಲ್ಲೇ ಇದೆ. ಆ್ಯಪ್‌ಗೆ ಸೂರ್ಯ ಎಲ್ಲಿರುತ್ತಾನೆ ಅಂತ ಗೊತ್ತು. ನಮ್ಮನೆ ತೆಂಗಿನ ಮರ ಎಲ್ಲಿದೆ ಅಂತ ಗೊತ್ತಿಲ್ಲ. ಹಾಗಾಗಿ ಇಲ್ಲಿರುವ ಗಂಡಸರಿಗೆ ಒಂದು ಮಾತು. ಏಣಿ ತರುವ ಮುಂಚೆ ಮನೆಯಲ್ಲಿ ಹಪ್ಪಳ ಸಂಡಿಗೆ ಹಾಕುವವರನ್ನು ಕೇಳಿ.

ಪ್ಯಾನೆಲ್ಲಿಗೆ ಬಿಸಿಲು ಬೇಕು, ಕಾವು ಬೇಡ. ಇದು ಅನೇಕರಿಗೆ ವಿಚಿತ್ರ ಅನ್ನಿಸುತ್ತದೆ. ಪ್ಯಾನೆಲ್ ಮೇಲೆ ಬರೆದ 200 ವ್ಯಾಟ್ ಅನ್ನುವುದು ಬಿಲ್ಲೆ 25 ಡಿಗ್ರಿ ಇದ್ದಾಗಿನ ಲೆಕ್ಕ. ತಗಡಿನ ಶೀಟಿಗೆ ಅಂಟಿಸಿದ ಹಾಗೆ ಮಲಗಿಸಿದರೆ ಮಾರ್ಚ್ ಮಧ್ಯಾಹ್ನ 60 ಡಿಗ್ರಿ ದಾಟಬಹುದು. ಒಂದೊಂದು ಡಿಗ್ರಿಗೆ ಶೇಕಡಾ 0.35ರಷ್ಟು ಇಳಿಯುತ್ತಾ ಹೋಗುತ್ತದೆ. ಹತ್ತು ಹನ್ನೆರಡು ಪಾಲು ಹಾಗೇ ಹೋಯಿತು. ಅಡಿಯಲ್ಲಿ ಒಂದು ಗೇಣು ಗಾಳಿ ಆಡಲು ಬಿಡಿ. ಪೆಟ್ಟಿಗೆಯಂತೂ ಬಿಸಿಲಿಗೆ ಬರಲೇಬಾರದು. ವೈರು ಉದ್ದ ಮಾಡಿ ಅದನ್ನು ಜಗಲಿಯ ನೆರಳಿನಲ್ಲಿ ಇಡಿ. ಗಾಳಿ ಕಿಂಡಿಗೆ ಬಟ್ಟೆ ಮುಚ್ಚಬೇಡಿ. ಇರುವೆ ಹೊಗದ ಹಾಗೆ ನೋಡಿಕೊಳ್ಳಿ, ನಮ್ಮ ಕಡೆ ಇರುವೆ ಯಾವುದನ್ನೂ ಬಿಡುವುದಿಲ್ಲ.

ಒಬ್ಬರ ಮನೆಯಲ್ಲಿ ಆದದ್ದು ಹೇಳುತ್ತೇನೆ. ಅವರು ತೋಟದ ಪಂಪಿಗೆ ತಂದ 540 ವ್ಯಾಟಿನ ದೊಡ್ಡ ಪ್ಯಾನೆಲ್ ಎರಡು ಉಳಿದಿದ್ದವು. ಸುಮ್ನೆ ಬಿದ್ದಿವೆಯಲ್ಲ ಅಂತ ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿ ಪೆಟ್ಟಿಗೆಗೆ ಹಚ್ಚಿದರು. ಅಂತಹ ಒಂದು ಪ್ಯಾನೆಲ್ ಯಾವುದಕ್ಕೂ ಹಚ್ಚದೆ ಇದ್ದಾಗ 50 ವೋಲ್ಟ್ ಹತ್ತಿರ ಕೊಡುತ್ತದೆ. ಎರಡಕ್ಕೆ ನೂರು. ಅವರ ಪೆಟ್ಟಿಗೆ ತಡೆದುಕೊಳ್ಳುವುದು 60 ವೋಲ್ಟ್. ಸೋಲಾರ್ ತೂತು ಸುಟ್ಟು ಹೋಯಿತು. ವ್ಯಾಟ್ ಜಾಸ್ತಿ ಇದ್ದರೆ ಪೆಟ್ಟಿಗೆ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ವೋಲ್ಟ್ ಜಾಸ್ತಿಯಾದರೆ ಕ್ಷಮೆ ಇಲ್ಲ. ಪ್ಯಾನೆಲ್ಲಿನ ಬೆನ್ನಿನ ಚೀಟಿಯಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್ ಅಂತ ಇರುತ್ತದೆ. ಹಚ್ಚುವ ಮೊದಲು ಅದನ್ನು ಓದಿ.

ಈಗ ನೀವು ಕೇಳಬೇಕಾದ ಪ್ರಶ್ನೆ, ಯಾರೂ ಕೇಳಲಿಲ್ಲ. ನಮ್ಮ ಕಡೆ ಕರೆಂಟ್ ಹೋಗುವುದು ಯಾವಾಗ? ಮಳೆಗಾಲದಲ್ಲಿ. ಬಿಸಿಲು ಇಲ್ಲದಿರುವುದು ಯಾವಾಗ? ಅದೂ ಮಳೆಗಾಲದಲ್ಲೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುತ್ತದೆ, ಅದರ ದೊಡ್ಡ ಪಾಲು ನಾಲ್ಕೇ ತಿಂಗಳಲ್ಲಿ. ಮಾರ್ಚ್‌ನಲ್ಲಿ ಈ 200 ವ್ಯಾಟಿನ ಪ್ಯಾನೆಲ್ ನನಗೆ ದಿನಕ್ಕೆ 800 ವ್ಯಾಟ್ ಅವರ್ ಆಸುಪಾಸು ಕೊಡುತ್ತದೆ. ಪುನರ್ವಸು, ಪುಷ್ಯ ಮಳೆಯ ಜಡಿ ಹಿಡಿದ ದಿನ 100 ದಾಟಿದರೆ ಹೆಚ್ಚು. ಹೊಳವಾದ ದಿನ 300. ಬಯಲುಸೀಮೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪಾವಗಡದಲ್ಲಿ 13,000 ಎಕರೆಯಲ್ಲಿ ಪ್ಯಾನೆಲ್ ಹಾಸಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಮಾಡಿದರು. ಮಳೆ ಬಾರದೆ ಸೋತ ಊರು ಅದು, ಅಲ್ಲಿಗೆ ಬಿಸಿಲೇ ಬೆಳೆಯಾಯಿತು. ನಮ್ಮದು ತಿರುಗಾಮುರುಗಾ.

ಕಳೆದ ಜುಲೈಯಲ್ಲಿ ಘಾಟಿ ಹತ್ತಿರ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ನನ್ನ ಡೈರಿಯಲ್ಲಿ ಬರೆದಿದ್ದೇನೆ, ಓದುತ್ತೇನೆ. ಮೊದಲ ದಿನ ಪೆಟ್ಟಿಗೆ ತುಂಬಿತ್ತು. ಮೂರು ಬಲ್ಬು ಐದು ಗಂಟೆ, 135. ರೂಟರ್ ಹನ್ನೆರಡು ಗಂಟೆ, 120. ಮಗಳ ಲ್ಯಾಪ್‌ಟಾಪ್ ಆರು ಗಂಟೆ, 300. ನಾಲ್ಕು ಫೋನು, 60. ಮಿಕ್ಸಿ, 30. ಎರಡನೇ ದಿನ ಬೆಳಿಗ್ಗೆ ಪರದೆಯಲ್ಲಿ 30 ಅಂತ ಇತ್ತು. ಇಡೀ ದಿನದ ಮಳೆಯಲ್ಲಿ ಪ್ಯಾನೆಲ್ ಕೊಟ್ಟದ್ದು 90 ವ್ಯಾಟ್ ಅವರ್. ಆ ದಿನವೇ ಫ್ರಿಜ್ಜಿನ ಆಸೆ ಬಿಟ್ಟೆವು. ಹಾಲು ಕಾಯಿಸಿ ಹೆಪ್ಪು ಹಾಕಿದರು, ತರಕಾರಿ ಹುಳಿಗೆ ಹೋಯಿತು. ಮಗಳು ಲ್ಯಾಪ್‌ಟಾಪ್ ಹಿಡಿದು ಪೇಟೆಯ ಗೆಳತಿಯ ಮನೆಗೆ ಹೋದಳು. ಅವಳನ್ನು ಬಿಡಲು ಹೋಗುವಾಗ ಪೆಟ್ಟಿಗೆಯನ್ನೂ ಕಾರಿನಲ್ಲಿ ಹಾಕಿಕೊಂಡೆ. ಕಾರಿನ 12 ವೋಲ್ಟ್ ತೂತಿನಿಂದ ಗಂಟೆಗೆ 100 ವ್ಯಾಟ್ ಅವರ್ ಹತ್ತಿರ ತುಂಬುತ್ತದೆ. ಪೇಟೆಯಲ್ಲಿ ಕರೆಂಟ್ ಇತ್ತು. ಪರಿಚಯದ ಅಂಗಡಿಯಲ್ಲಿ ಒಂದೂವರೆ ಗಂಟೆ ಗೋಡೆಗೆ ಹಚ್ಚಿದೆ, ನೂರಕ್ಕೆ ನೂರು ತುಂಬಿತು. ಮೂರನೇ ದಿನ ನಾವು ರಾಜರು.

ಹಾಗಾಗಿ ಸತ್ಯ ಹೇಳುತ್ತೇನೆ. ಮಳೆಗಾಲದಲ್ಲಿ ನನ್ನ ಸೋಲಾರ್ ಪೆಟ್ಟಿಗೆ ತುಂಬುವುದು ಹೆಚ್ಚಾಗಿ ಗೋಡೆಯ ಕರೆಂಟಿನಿಂದ. ದಿನಕ್ಕೆ ಎರಡು ಗಂಟೆ ಲೈನ್ ಬಂದರೆ ಸಾಕು, ಅಷ್ಟರಲ್ಲಿ ತುಂಬಿಸಿಕೊಳ್ಳುತ್ತದೆ. ಮಾಮೂಲಿ ಇನ್ವರ್ಟರಿನ ಲೆಡ್ ಬ್ಯಾಟರಿಗೆ ಹತ್ತು ಗಂಟೆಯಾದರೂ ಬೇಕು. ನನ್ನ ಮಟ್ಟಿಗೆ ಮಲೆನಾಡಿನಲ್ಲಿ ಈ ಪೆಟ್ಟಿಗೆಗೆ ಕಾಸು ಕೊಡಲು ಇರುವ ದೊಡ್ಡ ಕಾರಣ ಅದು. ಬೇಸಿಗೆಯಲ್ಲಿ ಮಾತ್ರ ಬಿಸಿಲಿನ ಕರೆಂಟು ಮಿಕ್ಕುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಪೆಟ್ಟಿಗೆ ತುಂಬಿ ಹೋದರೆ ಆಮೇಲೆ ಬಂದ ಬಿಸಿಲು ದಂಡ. ನಮ್ಮ ಮನೆಯಲ್ಲಿ ಗ್ರೈಂಡರ್ ಹಾಕುವ ಹೊತ್ತು ಈಗ ಸಂಜೆಯಿಂದ ಹನ್ನೊಂದು ಗಂಟೆಗೆ ಬಂದಿದೆ.

ನೀರಿನ ಪಂಪಿನ ಬಗ್ಗೆ ಹಿಂದೆ ಕೂತ ಅಣ್ಣ ಕೇಳುತ್ತಿದ್ದಾರೆ. ಒಂದು ಎಚ್‌ಪಿ ಪಂಪು ಓಡುವಾಗ ಸಾವಿರ ವ್ಯಾಟ್ ಚಿಲ್ಲರೆ. ಆದರೆ ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಪೆಟ್ಟಿಗೆ ಅಲ್ಲೇ ಕೈ ಎತ್ತುತ್ತದೆ. ನಾನು ಮೂರು ಸಲ ನೋಡಿ ಬಿಟ್ಟೆ. ಕರೆಂಟ್ ಇದ್ದಾಗಲೇ ಟ್ಯಾಂಕ್ ತುಂಬಿಟ್ಟುಕೊಳ್ಳಿ. ಗುಡ್ಡದಿಂದ ಅಬ್ಬಿ ನೀರು ಬರುವ ಮನೆಯವರು ಪುಣ್ಯವಂತರು, ಈ ಭಾಗಕ್ಕೆ ಕಿವಿ ಮುಚ್ಚಿಕೊಳ್ಳಬಹುದು.

ಇನ್ನು ನಾನು ಕೈ ಮುಗಿದು ಹೇಳುವ ವಿಷಯ. ನಮ್ಮೂರಲ್ಲಿ ಇಬ್ಬರು ಸರಕಾರದ ಸೂರ್ಯ ಘರ್ ಯೋಜನೆಯಲ್ಲಿ ಮಾಡಿನ ಮೇಲೆ ಮೂರು ಕಿಲೋವ್ಯಾಟಿನ ಪ್ಯಾನೆಲ್ ಹಾಕಿಸಿದ್ದಾರೆ. 78,000 ರೂಪಾಯಿ ಸಬ್ಸಿಡಿ ಸಿಕ್ಕಿತು. ಬೇಸಿಗೆಯ ಒಂದು ದಿನ ಲೈನ್ ಹೋಯಿತು. ಅವರಲ್ಲೊಬ್ಬರು ಫೋನ್ ಮಾಡಿದರು. "ಸುಡು ಬಿಸಿಲು ಇದೆ, ಮಾಡಿನ ಮೇಲೆ ಆರು ಪ್ಯಾನೆಲ್ ಇದೆ, ಮನೆಯಲ್ಲಿ ಫ್ಯಾನ್ ತಿರುಗ್ತಿಲ್ಲ, ಏನು ಕೆಟ್ಟಿದೆ ನೋಡು ಬಾ." ಏನೂ ಕೆಟ್ಟಿರಲಿಲ್ಲ. ಬ್ಯಾಟರಿ ಇಲ್ಲದ ಆ ವ್ಯವಸ್ಥೆ ಲೈನ್ ಹೋದರೆ ತಾನೂ ನಿಲ್ಲಬೇಕು ಅಂತಲೇ ಮಾಡಿರುವುದು. ಯಾಕೆ? ಲೈನ್ ಆಫ್ ಮಾಡಿಕೊಂಡು ಕಂಬ ಹತ್ತಿದ ಹುಡುಗ ತಂತಿ ಮುಟ್ಟಿರುತ್ತಾನೆ. ನಿಮ್ಮ ಮಾಡಿನಿಂದ ಕರೆಂಟ್ ಅದೇ ತಂತಿಗೆ ಹರಿದರೆ ಅವನ ಗತಿ ಏನು?

ಅದೇ ತಪ್ಪನ್ನು ಈ ಪೆಟ್ಟಿಗೆಯಲ್ಲಿ ನಾವೇ ಕೈಯಾರೆ ಮಾಡಬಹುದು. ಎರಡೂ ತುದಿಗೆ ಪಿನ್ ಇರುವ ವೈರು ಮಾಡಿ, ಒಂದು ತುದಿ ಪೆಟ್ಟಿಗೆಗೆ, ಇನ್ನೊಂದು ತುದಿ ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಇಡೀ ಮನೆಗೆ ಕರೆಂಟ್ ಬರುತ್ತದೆ. ಹೌದು, ಬರುತ್ತದೆ. ಅದೇ ಹೊತ್ತಿಗೆ ಮೀಟರ್ ದಾಟಿ ಹೊರಗೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸಿ ಬಿಡಬಹುದು. ಲೈನ್ ವಾಪಸ್ ಬಂದರೆ ಪೆಟ್ಟಿಗೆಯೂ ಸುಡುತ್ತದೆ. ಪಿನ್ ಕಳಚಿಕೊಂಡರೆ ಅದನ್ನು ಹಿಡಿದವನ ಕೈಗೆ ನೇರ 230 ವೋಲ್ಟ್. ಇಂತಹ ವೈರು ಮಾಡಿಕೊಡು ಅಂತ ನನ್ನ ಹತ್ತಿರ ಬಂದವರಿದ್ದಾರೆ. ನಾನು ಮಾಡಿಕೊಡುವುದಿಲ್ಲ. ಬೇರೆ ಯಾರಾದರೂ ಮಾಡಿಕೊಟ್ಟಿದ್ದರೆ ಇವತ್ತು ಮನೆಗೆ ಹೋಗಿ ಕತ್ತರಿಸಿ ಹಾಕಿ. ಇಡೀ ಮನೆಗೆ ಬೇಕಿದ್ದರೆ ಲೈನು, ಪೆಟ್ಟಿಗೆ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಚೇಂಜ್ ಓವರ್ ಸ್ವಿಚ್ ಇದೆ, ಕ್ರಮವಾಗಿ ಹಾಕಿಸಿ. ಇಲ್ಲವಾದರೆ ಒಳ್ಳೆಯ ಎಕ್ಸ್‌ಟೆನ್ಷನ್ ಬಾಕ್ಸ್ ಸಾಕು.

ಉಳಿತಾಯ ಎಷ್ಟು ಅಂತ ಕೇಳುತ್ತೀರಿ. ಉಳಿತಾಯ ಇಲ್ಲ. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗೆ ಬಳಸುವ ನಮ್ಮಂಥವರ ಬಿಲ್ಲು ಸೊನ್ನೆ ಬರುತ್ತಿದೆ. ಸೊನ್ನೆಯಿಂದ ಏನು ಉಳಿಸೋಣ? ಪೆಟ್ಟಿಗೆಗೆ 70,000 ರೂಪಾಯಿ ಅಂತ ಹಿಡಿಯಿರಿ. ಐರನ್ ಫಾಸ್ಫೇಟ್ ಜಾತಿಯ ಲಿಥಿಯಂ ಬ್ಯಾಟರಿಗೆ ಸುಮಾರು 3,000 ಸಲ ತುಂಬಿ ಖಾಲಿ ಮಾಡುವಷ್ಟು ಆಯುಸ್ಸು ಹೇಳುತ್ತಾರೆ. ಅಷ್ಟೂ ಸಲ ಪೂರ್ತಿ ಬಳಸಿದರೂ 2,600 ಯೂನಿಟ್. ಯೂನಿಟ್ಟಿಗೆ 27 ರೂಪಾಯಿ ಬಿತ್ತು, ಪ್ಯಾನೆಲ್ಲಿನ ದುಡ್ಡು ಬೇರೆ. ಸ್ವಂತ ಮನೆ ಇದ್ದು, ಬರೀ ದೀಪ ಫ್ಯಾನು ಸಾಕು ಅನ್ನುವವರಿಗೆ ನಾನು ಈಗಲೂ ಮಾಮೂಲಿ ಇನ್ವರ್ಟರ್, 150 ಆಂಪ್ ಅವರ್ ಟ್ಯೂಬುಲರ್ ಬ್ಯಾಟರಿಯನ್ನೇ ಹೇಳುತ್ತೇನೆ. ಡಿಸ್ಟಿಲ್ಡ್ ವಾಟರ್ ಹಾಕುತ್ತಾ ಇರಬೇಕು, ಅಷ್ಟೇ. ಪೆಟ್ಟಿಗೆ ಯಾರಿಗೆ? ಬಾಡಿಗೆ ಮನೆಯವರಿಗೆ. ಮನೆಯಿಂದ ಕೆಲಸ ಮಾಡುವ ಮಕ್ಕಳಿರುವವರಿಗೆ. ನೆಬ್ಯುಲೈಸರ್, ಇನ್ಸುಲಿನ್ ಇರುವ ಮನೆಗೆ. ಎತ್ತಿಕೊಂಡು ಹೋಗುವ ಕೆಲಸ ಇರುವವರಿಗೆ. ಅಡಿಕೆ ಕೊಯ್ಲಿನ ಹೊತ್ತಿಗೆ ನಮ್ಮದು ರಾತ್ರಿ ಪೂರ್ತಿ ಚಪ್ಪರದ ಕೆಳಗೆ ಇರುತ್ತದೆ. ನಾಲ್ಕು ಬಲ್ಬು, ಒಂದು ಹಾಡಿನ ಪೆಟ್ಟಿಗೆ. ಸುಲಿಯುವವರು ಹತ್ತು ಜನ. ಬೆಳಗಾಗುವ ಹೊತ್ತಿಗೂ ಅರ್ಧ ಉಳಿದಿರುತ್ತದೆ.

ಅಮೆರಿಕದಲ್ಲಿ ಮಗ ಇದ್ದಾನೆ, ಬರುವಾಗ ತರಿಸುತ್ತೇನೆ ಅಂತ ಒಬ್ಬರು ಅಂದರು. ತರಿಸಬೇಡಿ. ವಿಮಾನದಲ್ಲಿ ಪ್ರಯಾಣಿಕರು 160 ವ್ಯಾಟ್ ಅವರ್ ದಾಟಿದ ಲಿಥಿಯಂ ಬ್ಯಾಟರಿ ಒಯ್ಯುವ ಹಾಗಿಲ್ಲ. ಇದು ಅದರ ಆರು ಪಟ್ಟು. ಹೇಗೋ ಬಂದರೂ ಅಲ್ಲಿಯದು 120 ವೋಲ್ಟ್, ನಮ್ಮ ಮಿಕ್ಸಿ ಅದರಲ್ಲಿ ಗೊರಕೆ ಹೊಡೆಯುತ್ತದೆ.

ಪರದೆ ನೋಡೋಣವಾ? 86 ಇದ್ದದ್ದು ಈಗ 80. ನಾನು ಒಂದು ಗಂಟೆ ಮಾತಾಡಿದ್ದಕ್ಕೆ ಆರು ಪಾಲು. ಅದರಲ್ಲಿ ಒಂದೂವರೆ ಪಾಲು ಇನ್ವರ್ಟರಿನ ತಿಂಡಿ. ಫ್ಯಾನ್ ಹಾಗೇ ತಿರುಗುತ್ತಿರಲಿ, ಪ್ರಶ್ನೆ ಇದ್ದವರು ಕೇಳಿ. ಒಳಗೆ ಕಾಫಿ ಆಗಿದೆಯಂತೆ. ಗ್ಯಾಸ್ ಒಲೆಯ ಮೇಲೇ ಮಾಡಿದ್ದು, ನಾನೇ ನಿಂತು ನೋಡಿ ಬಂದಿದ್ದೇನೆ.